ಚಿಂದಿಯ ಕೋಟು, ಏಳು ಕಥೆಗಳು: ಡಾಲಿ ಪಾರ್ಟನ್ ಅವರ ‘ಕೋಟ್ ಆಫ್ ಮೆನಿ ಕಲರ್ಸ್’

ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬೆಳೆದ ‘ಕಂಟ್ರಿ’ ಸಂಗೀತದ ಗಾಯಕಿ ಡಾಲಿ ಪಾರ್ಟನ್ ಅವರ ‘ಕೋಟ್ ಆಫ್ ಮೆನಿ ಕಲರ್ಸ್’ ಆಲ್ಬಮನ್ನು ಆರ್‌ಸಿಎ ವಿಕ್ಟರ್ ಕಂಪನಿ 1971ರ ಅಕ್ಟೋಬರ್‌ನಲ್ಲಿ ಹೊರತಂದಿತು. ಇದರಲ್ಲಿರುವುದು ಹತ್ತು ಹಾಡು. ಎಲ್ಲವೂ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಏಳು ಹಾಡುಗಳನ್ನು ಡಾಲಿಯವರೇ ಬರೆದಿದ್ದಾರೆ. ಉಳಿದ ಮೂರನ್ನು ಬರೆದವರು, ಆಗ ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಅವರನ್ನು ಜೊತೆಗಾಯಕಿಯಾಗಿ ಹಾಡಿಸುತ್ತಿದ್ದ ಪೋರ್ಟರ್ ವ್ಯಾಗನರ್. ಡಾಲಿಯವರ ಕಂಠವನ್ನು ಮೆಚ್ಚುವವರು ಜಗತ್ತಿನ ತುಂಬ ಇದ್ದಾರೆ. ಆದರೆ ಕಥೆ ಹೇಳುವ ಕವಿಯಾಗಿ ಅವರ ಎತ್ತರ ಎಷ್ಟೆಂಬುದು ತಿಳಿಯಬೇಕಾದರೆ ಈ ಆಲ್ಬಮನ್ನು ಇದ್ದ ಕ್ರಮದಲ್ಲೇ, ಪೂರ್ತಿಯಾಗಿ ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದೇ ಶೀರ್ಷಿಕೆಗೀತೆ. ಡಾಲಿಯವರು ಟೆನೆಸೀ ರಾಜ್ಯದ ಸೆವಿಯರ್ ಕೌಂಟಿಯ ಬೆಟ್ಟಸೀಮೆಯಲ್ಲಿ, ಹನ್ನೆರಡು ಮಕ್ಕಳ ಬಡಸಂಸಾರದಲ್ಲಿ ನಾಲ್ಕನೆಯವರಾಗಿ 1946ರಲ್ಲಿ ಹುಟ್ಟಿದವರು. ಯಾರೋ ಕೊಟ್ಟ ಚಿಂದಿಬಟ್ಟೆಗಳನ್ನು ಕೂಡಿಸಿ ತಾಯಿ ತಮಗೆ ಕೋಟು ಹೊಲಿದುಕೊಟ್ಟ ನೆನಪನ್ನೇ ಅವರು ಇಲ್ಲಿ ಹಾಡಾಗಿಸಿದ್ದಾರೆ. ಕೌದಿ ಹೊಲಿಯುವ ಹಾಗೆ ಒಂದೊಂದೇ ತುಂಡನ್ನು ಜೋಡಿಸುತ್ತ, ತಾಯಿ ಬೈಬಲ್ಲಿನ ಯೋಸೇಫನ ಬಣ್ಣದ ಅಂಗಿಯ ಕಥೆಯನ್ನೂ ಮಗಳಿಗೆ ಹೇಳುತ್ತಾಳೆ. ಹೆಮ್ಮೆಯಿಂದ ಶಾಲೆಗೆ ಹೋದ ಹುಡುಗಿಯನ್ನು ನೋಡಿ ಉಳಿದ ಮಕ್ಕಳು ನಗುತ್ತಾರೆ. ಇಲ್ಲಿಗೆ ಬಂದಾಗ ಬೇರೆ ಯಾವ ಹಾಡುಗಾರರಾದರೂ ದನಿಯನ್ನು ನಡುಗಿಸಿ ಕೇಳುಗರ ಕಣ್ಣೀರನ್ನು ಬೇಡುತ್ತಿದ್ದರೇನೋ. ಡಾಲಿಯವರ ಹುಡುಗಿಗಾದರೋ ಅವರು ನಗುವುದೇಕೆಂದೇ ಅರ್ಥವಾಗುವುದಿಲ್ಲ, ಆದ್ದರಿಂದ ಅವಳು ಆ ಕೋಟಿನ ಪ್ರತಿಯೊಂದು ಹೊಲಿಗೆಯಲ್ಲಿ ಏನಿದೆಯೆಂಬುದನ್ನು ಅವರಿಗೆ ತಾಳ್ಮೆಯಿಂದ ವಿವರಿಸಲು ಹೊರಡುತ್ತಾಳೆ. ಬಡತನದ ಬಗ್ಗೆ ಬಂದಿರುವ ಎಷ್ಟೋ ಹಾಡುಗಳಲ್ಲಿ ಇಲ್ಲದ ಘನತೆ ಈ ಹಾಡಿಗೆ ಬಂದಿರುವುದು ಆ ಮುಗ್ಧ ವಿಶ್ವಾಸದಿಂದ. ಗಿಟಾರಿನ ಮೃದುವಾದ ಮೀಟುಗಳು ಕಥೆಗೆ ದಾರಿ ಬಿಟ್ಟು ಹಿಂದೆಯೇ ನಿಲ್ಲುತ್ತವೆ. 1969ರಲ್ಲಿ, ಪ್ರವಾಸದ ಬಸ್ಸಿನಲ್ಲಿ, ಬೇರೆ ಕಾಗದ ಸಿಗದೆ ವ್ಯಾಗನರ್ ಅವರ ಬಟ್ಟೆಯ ಡ್ರೈ ಕ್ಲೀನಿಂಗ್ ರಸೀದಿಯ ಮೇಲೆ ಬರೆದ ಈ ಹಾಡು ‘ಬಿಲ್‌ಬೋರ್ಡ್’ ಸಂಗೀತ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಸಂರಕ್ಷಿಸಬೇಕಾದ ರೆಕಾರ್ಡಿಂಗುಗಳ ರಾಷ್ಟ್ರೀಯ ಪಟ್ಟಿಗೂ ಸೇರಿಸಿತು.

ಈ ಹಾಡಿನ ಕೀರ್ತಿಯಿಂದಾಗಿ ಉಳಿದವು ಮರೆಯಾಗಿರುವುದು ನನಗೆ ಬೇಸರದ ಸಂಗತಿ. ಎರಡನೆಯದಾದ ‘ಟ್ರಾವೆಲಿಂಗ್ ಮ್ಯಾನ್’ ಕೇಳಿ: ಊರೂರು ಸುತ್ತುವವನೊಬ್ಬನನ್ನು ತಾಯಿಯ ಕಣ್ಣು ತಪ್ಪಿಸಿ ಪ್ರೀತಿಸುವ ಹುಡುಗಿಯ ಕಥೆ ಕುಣಿಯುವ ಲಯದಲ್ಲಿ ಸಾಗಿ, ಕೊನೆಗೆ ಅವನ ಜೊತೆ ಓಡಿಹೋಗುವವಳು ಆ ತಾಯಿಯೇ ಆಗಿರುತ್ತಾಳೆ! ಮಗಳಿಗಾಗಿ ಕೋಟು ಹೊಲಿದ ತಾಯಿಯ ಬೆನ್ನಿಗೇ ಇಂಥ ತಾಯಿಯನ್ನು ತಂದು ನಿಲ್ಲಿಸುವ ಧೈರ್ಯ ಬಹಳ ಕಡಿಮೆ ಜನಕ್ಕಿರುತ್ತದೆ. ‘ಅರ್ಲಿ ಮಾರ್ನಿಂಗ್ ಬ್ರೀಜ್’ ಮುಂಜಾನೆಯ ಹುಲ್ಲುಗಾವಲಿನ ಹಾಡು; 1974ರಲ್ಲಿ ಬಂದ ‘ಜೋಲೀನ್’ ಆಲ್ಬಮಿಗಾಗಿ ಡಾಲಿಯವರು ಇದನ್ನು ಮತ್ತೆ ಹಾಡಿದರು. ‘ಹಿಯರ್ ಐ ಆ್ಯಮ್’ನಲ್ಲಿ ಅವರ ಕಂಠ ಚರ್ಚಿನ ಗಾಯನದ ಕಸುವಿನಿಂದ ಪೂರ್ಣವಾಗಿ ತೆರೆದುಕೊಳ್ಳುತ್ತದೆ, ಇಡೀ ಆಲ್ಬಮಿನಲ್ಲಿ ಅವರು ಅಷ್ಟು ಬಿಚ್ಚುದನಿಯಲ್ಲಿ ಹಾಡಿರುವುದು ಅಲ್ಲಿಯೇ.

ವ್ಯಾಗನರ್ ಅವರ ಹಾಡುಗಳಲ್ಲಿ ‘ಇಫ್ ಐ ಲೂಸ್ ಮೈ ಮೈಂಡ್’ ಗಂಭೀರವಾದದ್ದು. ಗಂಡಿನ ಕ್ರೌರ್ಯದಿಂದ ಬೆದರಿ ತಾಯಿಯ ಮಡಿಲಿಗೆ ಮರಳಿದವಳ ಮಾತುಗಳನ್ನು ಡಾಲಿಯವರು ಸಣ್ಣ ದನಿಯಲ್ಲಿ, ತಡೆದು ತಡೆದು ಹೇಳುತ್ತಾರೆ. ಉಳಿದೆರಡು ಸಾಧಾರಣ, ‘ದ ಮಿಸ್ಟರಿ ಆಫ್ ದ ಮಿಸ್ಟರಿ’ಯಂತೂ ಸೃಷ್ಟಿಯ ರಹಸ್ಯದ ಬಗ್ಗೆ ದೊಡ್ಡ ಪ್ರಶ್ನೆಗಳನ್ನೆತ್ತಿ ಯಾವುದರ ಆಳಕ್ಕೂ ಇಳಿಯದೆ ಮುಗಿಯುತ್ತದೆ. ಬಾಬ್ ಫರ್ಗ್ಯುಸನ್ ಅವರ ನಿರ್ಮಾಣ ಹಿತಮಿತವಾಗಿದೆ, ಆದರೂ ಕೆಲವೆಡೆ ಹಿಮ್ಮೇಳದ ದನಿಗಳು ಅಗತ್ಯಕ್ಕಿಂತ ಹೆಚ್ಚಾಗಿ ಸಿಹಿಯೆನಿಸುತ್ತವೆ.

ಕೊಳ್ಳುವವರು 2007ರ ಸಿ.ಡಿ. ಮರುಮುದ್ರಣವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅದರ ಹೆಚ್ಚುವರಿ ಹಾಡುಗಳಲ್ಲಿ ‘ಮೈ ಬ್ಲೂ ಟಿಯರ್ಸ್’ನ ಸರಳ ಡೆಮೊ, ಅಂದರೆ ಮಾದರಿಗಾಗಿ ಮಾಡಿಕೊಂಡ ಧ್ವನಿಮುದ್ರಣ, ಇದೆ, ವಾದ್ಯಗಳ ಅಲಂಕಾರವಿಲ್ಲದ ಆ ರೂಪವನ್ನೇ ನಾನು ಆಲ್ಬಮಿನಲ್ಲಿರುವ ರೂಪಕ್ಕಿಂತ ಹೆಚ್ಚು ಮೆಚ್ಚುತ್ತೇನೆ.