ಮೆಲಮೈನ್ ಸ್ಪಂಜು, ಎರಡು ವರ್ಷದ ನಂತರ: ಕಲೆ ಹೋಯಿತು, ಜೊತೆಗೆ ಹೊಳಪೂ

ಫ್ರಿಜ್ಜಿನ ಹಿಡಿಯ ಸುತ್ತ ಬೆರಳಿನ ಜಿಡ್ಡು ಕೂತು ಕೂತು ಬೂದುಬಣ್ಣದ ಅಚ್ಚೊಂದು ಮೂಡಿತ್ತು. ಸೋಪಿನ ನೀರಿಗೂ ಅಡುಗೆ ಸೋಡಾಕ್ಕೂ ಅದು ಜಗ್ಗಲಿಲ್ಲ. ಒದ್ದೆ ಮಾಡಿ ಕಲೆ ಉಜ್ಜುವ ಬಿಳಿ ಫೋಮಿನ ತುಂಡು, ಅಂದರೆ ಮೆಲಮೈನ್ ಸ್ಪಂಜು ತಂದು ನಾಲ್ಕು ಸಲ ಉಜ್ಜಿದೆ, ಅಷ್ಟೇ. ಇತ್ತೆನ್ನುವ ಗುರುತೂ ಉಳಿಯಲಿಲ್ಲ. ಅಂದಿನಿಂದ ಭಾನುವಾರ ಬೆಳಿಗ್ಗೆ ನಾನು ಈ ಬಿಳಿ ತುಂಡಿನ ಪಾಲು.

ಇಡೀ ಸ್ಪಂಜನ್ನು ಎಂದೂ ಒದ್ದೆ ಮಾಡುವುದಿಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನಂತೆ ಸವೆದೇ ಮುಗಿಯುವ ವಸ್ತು ಇದು, ನಾನೋ ಕೈಬಿಗಿಯವನು. ಹಾಗಾಗಿ ಎರಡು ಬೆರಳಗಲ ಕತ್ತರಿಸಿಕೊಳ್ಳುತ್ತೇನೆ. ನೀರಿನಲ್ಲಿ ಅದ್ದಿ ಅಂಗೈಗಳ ನಡುವೆ ಮೆಲ್ಲಗೆ ಒತ್ತುತ್ತೇನೆ. ಬಟ್ಟೆಯಂತೆ ತಿರುಚಿ ಹಿಂಡಿದರೆ ಹರಿದುಹೋಗುತ್ತದೆ. ಪ್ಲಗ್ ತೆಗೆದ ಮಿಕ್ಸಿಯ ಗುಂಡಿಯ ಸುತ್ತಲಿನ ಸಂದು ಮೊದಲು, ಆಮೇಲೆ ವಾಷಿಂಗ್ ಮಷೀನಿನ ಪುಡಿ ಹಾಕುವ ಡ್ರಾಯರು. ಸ್ಪಂಜಿನ ಮೂಲೆ ಕಪ್ಪಾದಷ್ಟೂ ನನಗೆ ಖುಷಿ.

ಒಂದು ಸಂಜೆ ಕಿಟಕಿಯ ಬಿಸಿಲು ಫ್ರಿಜ್ಜಿನ ಮೇಲೆ ಓರೆಯಾಗಿ ಬಿತ್ತು. ಬಾಗಿಲೆಲ್ಲ ಫಳಫಳ, ಹಿಡಿಯ ಪಕ್ಕ ಮಾತ್ರ ಅಂಗೈಯಗಲ ಮಬ್ಬು, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಹೊಸ ಕಲೆಯೆಂದುಕೊಂಡು ಮತ್ತೆ ಉಜ್ಜಿದೆ. ಮಬ್ಬು ಇನ್ನಷ್ಟು ಹರಡಿತು.

ಮುಟ್ಟಲು ಹತ್ತಿಯಂತಿದ್ದರೂ ಇದರೊಳಗಿನ ಸೂಕ್ಷ್ಮ ಎಳೆಗಳು ಗಡಸು ರಾಳದವು. ಶಬ್ದ, ಶಾಖ ತಡೆಯಲು ಗೋಡೆಗಳಿಗೆ ಹಾಸುವುದೂ ಇದೇ ಜಾತಿಯ ಫೋಮನ್ನು. ಕಲೆಯನ್ನು ಕರಗಿಸುವ ಗುಣ ಇದಕ್ಕಿಲ್ಲ; ಅತಿ ನಯವಾದ ಸ್ಯಾಂಡ್‌ಪೇಪರಿನಂತೆ ಹೆರೆದು ತೆಗೆಯುತ್ತದೆ. ಹೆರೆಯುವಾಗ ಕಲೆ ಯಾವುದು, ಬಣ್ಣದ ಮೇಲಿನ ಹೊಳಪು ಯಾವುದು ಎಂಬ ಭೇದ ಅದಕ್ಕೆಲ್ಲಿಂದ ಬರಬೇಕು? ಪೊಟ್ಟಣದ ಮುಂದೆ ‘ಎಲ್ಲ ಮೇಲ್ಮೈಗಳಿಗೂ’ ಎಂದು ದಪ್ಪಕ್ಷರ. ಹೊಳಪಿನ ಮೇಲ್ಮೈಗೆ ಬೇಡ ಎಂಬ ಮಾತು ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಹುಡುಕಬೇಕಾದಷ್ಟು ಸಣ್ಣದಾಗಿ. ನನ್ನ ಸಿಟ್ಟು ಸ್ಪಂಜಿನ ಮೇಲಲ್ಲ, ಈ ಜಾಣತನದ ಮೇಲೆ.

ಇನ್ನೆರಡು ಕಡೆಯೂ ಕೈಕೊಟ್ಟಿತು, ಅಲ್ಲಿ ತಪ್ಪು ನನ್ನದೇ. ಹಳದಿಯಾದ ಹಳೆಯ ಪ್ಲಾಸ್ಟಿಕ್ಕಿನ ಮೇಲೆ ಒಂದು ಭಾನುವಾರ ಪೂರ್ತಿ ಕಳೆದೆ. ಅದು ಕೊಳೆಯಲ್ಲ, ಬೆಳಕಿಗೆ ಪ್ಲಾಸ್ಟಿಕ್ಕೇ ಬಣ್ಣಗೆಟ್ಟದ್ದು. ಕೆಟಲ್ ತಳದ ಬಿಳಿ ಸುಣ್ಣದ ಪದರಕ್ಕಂತೂ ಉಜ್ಜುವ ಕೆಲಸವೇ ಇಲ್ಲ. ನೀರಿಗೆ ಒಂದು ಚಮಚ ಸಿಟ್ರಿಕ್ ಆಮ್ಲದ ಪುಡಿ ಹಾಕಿ ಕುದಿಸಿ ಅರ್ಧ ಗಂಟೆ ಬಿಟ್ಟರೆ ಗುಳ್ಳೆಯೆಬ್ಬಿಸುತ್ತ ತಾನೇ ಕರಗುತ್ತದೆ.

ಇಷ್ಟಾದರೂ ಮೂರನೆಯ ಪೊಟ್ಟಣ ತಂದಿದ್ದೇನೆ. ಹೊಳಪಿಲ್ಲದ ಬಿಳಿ ಪ್ಲಾಸ್ಟಿಕ್ಕಿಗೆ ಇದರ ಸಮಕ್ಕೆ ಬರುವುದನ್ನು ನಾನು ಕಂಡಿಲ್ಲ. 5ಕ್ಕೆ 3 ಅಂಕ ಕೊಡುತ್ತೇನೆ. ನಾನ್‌ಸ್ಟಿಕ್ ಪಾತ್ರೆ, ಹೊಳೆಯುವ ಸ್ಟೀಲು, ಬಣ್ಣ ಬಳಿದ ಬಾಗಿಲುಗಳ ಹತ್ತಿರಕ್ಕೂ ಈಗ ಒಯ್ಯುವುದಿಲ್ಲ. ಉಳಿದ ಕಡೆಗಳಲ್ಲೂ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಸಲ ಉಜ್ಜಿ, ಒಣಗಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ.