ಮೈಸೂರಿನ ಫ್ಲೋ ಸೈಟೋಮೆಟ್ರಿ ಸೇವೆ: ಬಣ್ಣ ಚೆನ್ನಾಗಿದೆ, ಗೇಟ್ ಕೇಳಿ ಹಾಕಿಸಿ

ಫ್ಲೋ ಸೈಟೋಮೆಟ್ರಿ ಎಂದರೆ ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವುದು. ಬ್ಯಾಕ್ಟೀರಿಯಾವು ಪ್ರಾಣಿ ಜೀವಕೋಶದ ವಿಭಜನಾ ಚಕ್ರವನ್ನು ಎಲ್ಲಿ ತಡೆದಿದೆ ಎಂದು ನೋಡಲು ಸ್ಯಾಂಪಲ್ ಕೊಡುವವರಿಗಾಗಿ ಈ ವಿಮರ್ಶೆ. ಲ್ಯಾಬ್ ಖಾಸಗಿಯದು, ಹೆಸರು ಬೇಡ.

ಡಿಎನ್‌ಎಗೆ ಅಂಟುವ ಪ್ರೊಪಿಡಿಯಂ ಅಯೋಡೈಡ್ ಬಣ್ಣ ಹಾಕುವುದರಲ್ಲಿ ಇವರ ಕೈ ಪಳಗಿದೆ. ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಬಣ್ಣ, 100 ಮೈಕ್ರೋಗ್ರಾಂ ಆರ್‌ಎನ್‌ಎ ಕತ್ತರಿಸುವ ಕಿಣ್ವವಾದ ಆರ್‌ಎನ್‌ಏಸ್, 37 ಡಿಗ್ರಿಯಲ್ಲಿ ಕತ್ತಲಲ್ಲಿ ಅರ್ಧ ಗಂಟೆ. ಆರ್‌ಎನ್‌ಏಸ್ ಸಾಲದಿದ್ದರೆ ಬಣ್ಣ ಆರ್‌ಎನ್‌ಎಗೂ ಹತ್ತಿ ಗ್ರಾಫಿನ ಪೀಕ್ ದಪ್ಪಗಾಗುತ್ತದೆ. ಇವರ ಜಿ1 (ಡಿಎನ್‌ಎ ನಕಲಾಗುವ ಮುಂಚಿನ ಹಂತ) ಪೀಕ್ ಚೂಪು, ಜಿ2 (ನಕಲಾಗಿ ದುಪ್ಪಟ್ಟಾದ ಹಂತ) ಅದರ ಎರಡರಷ್ಟರ ಹತ್ತಿರವೇ ನಿಲ್ಲುತ್ತದೆ.

ತಕರಾರಿರುವುದು ಡಬ್ಲೆಟ್ ವಿಷಯದಲ್ಲಿ. ಅಂಟಿಕೊಂಡ ಎರಡು ಜಿ1 ಕೋಶಗಳನ್ನು ಯಂತ್ರ ಒಂದು ಜಿ2 ಕೋಶ ಎಂದೇ ಎಣಿಸುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ವಿಷವಾದ ಸಿಡಿಟಿ ಟಾಕ್ಸಿನ್ ಮಾಡುವ ಕೆಲಸವೇ ಕೋಶವನ್ನು ಜಿ2 ಹಂತದಲ್ಲಿ ಕಟ್ಟಿಹಾಕುವುದು: ಅದರ ಬಿ ತುಂಡು ನ್ಯೂಕ್ಲಿಯಸ್ಸಿಗೆ ಹೊಕ್ಕು ಡಿಎನ್‌ಎ ಕತ್ತರಿಸುತ್ತದೆ, ಎಟಿಎಂ ಮತ್ತು ಚೆಕ್2 ಎಂಬ ಕಾವಲು ಪ್ರೋಟೀನ್‌ಗಳು ಎಚ್ಚೆತ್ತು, ಕೋಶವನ್ನು ವಿಭಜನೆಗೆ ನೂಕುವ ಸಿಡಿಕೆ1 ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಡಬ್ಲೆಟ್ ತೆಗೆಯದ ವರದಿಯಲ್ಲಿ ಟಾಕ್ಸಿನ್ ಮುಟ್ಟದ ಕಂಟ್ರೋಲ್ ಕೂಡ ತಡೆ ಬಿದ್ದ ಹಾಗೆ ಕಾಣುತ್ತದೆ. ಇವರ ಮಾಮೂಲಿ ವರದಿಯಲ್ಲಿ ಏರಿಯಾ-ವಿಡ್ತ್ ಗೇಟ್ (ಸಿಗ್ನಲ್ಲಿನ ಒಟ್ಟು ಪ್ರಮಾಣ ಮತ್ತು ಅಗಲ ನೋಡಿ ಒಂಟಿ ಕೋಶಗಳನ್ನಷ್ಟೇ ಆರಿಸುವ ಗೆರೆ) ಇರುವುದಿಲ್ಲ, ಕೇಳಿದರೆ ಹಾಕುತ್ತಾರೆ. ತೀರಾ ಬಿಗಿ ಹಾಕಿಸಬೇಡಿ. ಸಿಡಿಟಿ ತಗುಲಿದ ಕೋಶ, ಅದರ ನ್ಯೂಕ್ಲಿಯಸ್ ಎರಡೂ ಊದಿಕೊಳ್ಳುತ್ತವೆ, ಕಂಟ್ರೋಲ್ ನೋಡಿ ಎಳೆದ ಗೆರೆ ಅವನ್ನೇ ಹೊರಗೆ ತಳ್ಳಬಹುದು. ಯಂತ್ರದ ಮೂಲ ದತ್ತಾಂಶವಿರುವ ಎಫ್‌ಸಿಎಸ್ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡರೆ ಗೇಟ್ ನೀವೇ ಸರಿಮಾಡಬಹುದು.

ಜಿ2 ಮತ್ತು ಕೋಶ ಒಡೆಯುವ ಹಂತವಾದ ಮೈಟೋಸಿಸ್‌ನಲ್ಲಿ ಡಿಎನ್‌ಎ ಪ್ರಮಾಣ ಒಂದೇ, ಈ ಬಣ್ಣದಿಂದ ಬೇರ್ಪಡಿಸಲಾಗದು. ಅದಕ್ಕೆ ಮೈಟೋಸಿಸ್ ಕೋಶಗಳನ್ನು ಗುರುತಿಸುವ ಫಾಸ್ಫೋ ಹಿಸ್ಟೋನ್ ಎಚ್3 ಆಂಟಿಬಾಡಿ ಬೇಕು. ಇಲ್ಲಿ ಆ ಸೌಲಭ್ಯವಿಲ್ಲ, ದೊಡ್ಡ ಕೊರತೆಯೇ.

ಉಳಿದದ್ದು ಕೊಡುವವರ ಕೈಯಲ್ಲಿದೆ. ಕೆಲವು ಇ. ಕೋಲಿ ತಯಾರಿಸುವ, ಡಿಎನ್‌ಎ ಕೆಡಿಸುವ ಕಾಲಿಬ್ಯಾಕ್ಟಿನ್ ವಿಷವನ್ನು ನೋಡುವವರು ಜೀವಂತ ಇ. ಕೋಲಿಯನ್ನೇ ಕೋಶಕ್ಕೆ ಮುಟ್ಟಿಸಬೇಕು, ಸೋಸಿದ ದ್ರವದಿಂದ ಏನೂ ಆಗದು. 4 ಗಂಟೆ ಬಿಟ್ಟು ತೊಳೆದು, ಉಳಿದ ಬ್ಯಾಕ್ಟೀರಿಯಾ ಕೊಲ್ಲಲು ಜೆಂಟಮೈಸಿನ್ ಹಾಕಿ 24ರಿಂದ 72 ಗಂಟೆ ಕಾಯಿರಿ. ತೇಲುವ ಕೋಶಗಳನ್ನು ಚೆಲ್ಲಬೇಡಿ. ಟ್ಯೂಬಿಗೆ 10 ಲಕ್ಷ ಕೋಶವಿರಲಿ, ತೊಳೆಯುವಾಗ ಬಹಳಷ್ಟು ಹೋಗುತ್ತವೆ. ತಣ್ಣಗಿನ 70% ಎಥನಾಲನ್ನು ವೋರ್ಟೆಕ್ಸ್ (ಟ್ಯೂಬ್ ಅಲುಗಿಸುವ ಯಂತ್ರ) ಮೇಲೆ ಹನಿಹನಿಯಾಗಿ ಬಿಡಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಡಬ್ಲೆಟ್ ಹುಟ್ಟುವುದೇ ಅಲ್ಲಿ. ಆಮೇಲೆ ಮೈನಸ್ 20ರಲ್ಲಿ ರಾತ್ರಿಯಿಡೀ ಇಡಿ. ಎಥನಾಲಿನಲ್ಲಿದ್ದರೆ ಮಂಡ್ಯದಿಂದ ಐಸ್ ಮೇಲೆ ರೈಲಿನಲ್ಲಿ ತಂದರೂ ಕೆಡುವುದಿಲ್ಲ. ಬಣ್ಣ ಮಾತ್ರ ಇಲ್ಲೇ ಹಾಕಿಸಿ.

ಫಾರಂನ ಷರಾ ಕಾಲಂನಲ್ಲಿ ಹೀಗೆ ಬರೆಯಿರಿ: 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ನಿಧಾನ ವೇಗ, ಒಂಟಿ ಕೋಶಗಳೇ 10,000, ಕಂಟ್ರೋಲ್ ಮೊದಲು.