ಓಪನ್5ಜಿಎಸ್: ಪ್ಯಾಕೆಟ್ ಎಲ್ಲಿ ತಡವಾಯಿತು ಎಂದು ಹುಡುಕುವವರಿಗೆ

ಮೊಬೈಲ್ ಕೋರ್ (ಟವರಿನ ಹಿಂದೆ ಕೂತು ಫೋನಿನ ಡೇಟಾವನ್ನು ಇಂಟರ್ನೆಟ್ಟಿಗೆ ದಾಟಿಸುವ ಭಾಗ) ವರ್ಚುವಲ್ ಮಷೀನಿನಲ್ಲಿ, ಅಂದರೆ ಪಿಸಿಯೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಪಿಸಿಯಲ್ಲಿ ಓಡುವಾಗ ಪ್ಯಾಕೆಟ್ ಎಷ್ಟು ತಡವಾಗುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಅಳತೆಯ ಜೊತೆ ತಾಳೆ ನೋಡಲು 5ಜಿ ಕೋರನ್ನು ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡುವ ಓಪನ್5ಜಿಎಸ್ ತುಂಬ ಒಳ್ಳೆಯ ಸಾಧನ. ಪುಕ್ಕಟೆ ಸಿಗುತ್ತದೆ, ಸೋರ್ಸ್ ಕೋಡ್ ತೆರೆದೇ ಇದೆ. ಫೋನು, ಟವರ್ ಎರಡರ ಪಾತ್ರವನ್ನೂ ಇನ್ನೊಂದು ಸಾಫ್ಟ್‌ವೇರ್ ಆದ ಯುಇರಾನ್‌ಸಿಮ್ ವಹಿಸುತ್ತದೆ. ಕಾರವಾರ, ಶಿರಸಿ ಕಡೆಯ ಕಾಲೇಜು ಲ್ಯಾಬಿನ ಎರಡು ಸಾಧಾರಣ ಪಿಸಿ ಸಾಕು.

ಹಳೇ ಪಿಸಿಯಾದರೆ ಮೊದಲ ತೊಡಕು ಚಂದಾದಾರರ ವಿವರ ಇಡುವ ಡೇಟಾಬೇಸ್ ಆದ ಮಾಂಗೋಡಿಬಿಯದು. 5.0ರಿಂದೀಚಿನ ಆವೃತ್ತಿಗೆ ಎವಿಎಕ್ಸ್ ಎಂಬ ಸೂಚನೆಗಳ ಗುಂಪು ಇರುವ ಸಿಪಿಯು ಬೇಕು, ಇಲ್ಲದಿದ್ದರೆ 4.4 ಹಾಕಿ. ಫೋನ್ ರಿಜಿಸ್ಟರ್ ಆಗಿ, 10.45ರ ಸಾಲಿನ ಐಪಿ ಸಿಕ್ಕರೂ ಪಿಂಗ್ ಹೋಗದಿದ್ದರೆ ಐಪಿ ಫಾರ್ವರ್ಡಿಂಗ್ (ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವ ಸೆಟ್ಟಿಂಗ್), ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ನೋಡಿ. ಕೋರಿನಲ್ಲಿ ಡೇಟಾ ಪ್ಯಾಕೆಟ್ ದಾಟಿಸುವ ಭಾಗವಾದ ಯುಪಿಎಫ್‌ನ ಜಿಟಿಪಿ (ಟವರಿನಿಂದ ಪ್ಯಾಕೆಟ್ ಬರುವ ಸುರಂಗ) ವಿಳಾಸ 127.0.0.7 (ಅದೇ ಪಿಸಿಯೊಳಗಷ್ಟೇ ನಡೆಯುವ ವಿಳಾಸ) ಎಂದೇ ಉಳಿದಿದ್ದರೂ ಪಕ್ಕದ ಪಿಸಿಯಿಂದ ಏನೂ ದಾಟುವುದಿಲ್ಲ.

ಪಿಂಗ್ ತೋರಿಸಿದ ಸಮಯವನ್ನೆಲ್ಲ ಯುಪಿಎಫ್ ತಲೆಗೆ ಕಟ್ಟಬೇಡಿ. ಯುಇರಾನ್‌ಸಿಮ್ ತನ್ನ ಪಾಲಿನ ಹೊತ್ತು ತಿನ್ನುತ್ತದೆ; ರೇಡಿಯೋ ಜಾಗದಲ್ಲಿ ಅಲ್ಲಿರುವುದು ಯುಡಿಪಿ, ಅಂದರೆ ಸಾಮಾನ್ಯ ನೆಟ್‌ವರ್ಕ್ ಪ್ಯಾಕೆಟ್ ಅಷ್ಟೇ, ಹಾಗಾಗಿ ನಿಜವಾದ ಗಾಳಿಯ ವಿಳಂಬ ಅದರಲ್ಲಿಲ್ಲ. ಯುಪಿಎಫ್ ಮಷೀನಿನಲ್ಲೇ ಟಿಸಿಪಿಡಂಪ್‌ (ಪ್ಯಾಕೆಟ್ ದಾಖಲಿಸುವ ಸಾಧನ) ಹಚ್ಚಿ, ಜಿಟಿಪಿಯ 2152 ಪೋರ್ಟಿಗೆ ಬಂದ ಗಳಿಗೆ ಮತ್ತು ಯುಪಿಎಫ್ ಇಂಟರ್ನೆಟ್ಟಿನ ಕಡೆ ಬಳಸುವ ವರ್ಚುವಲ್ ಇಂಟರ್ಫೇಸ್ ಆದ ಓಜಿಎಸ್‌ಟನ್‌ನಲ್ಲಿ ಹೊರಬಿದ್ದ ಗಳಿಗೆ ಎರಡನ್ನೂ ಹಿಡಿಯಿರಿ. ಪಿಂಗ್ ಸಂದೇಶದ (ಐಸಿಎಂಪಿ) ಸೀಕ್ವೆನ್ಸ್ ನಂಬರ್ ನೋಡಿ ಜೋಡಿಸಿ, ಕಳೆಯಿರಿ. ಒಂದೇ ಗಡಿಯಾರವಾದ್ದರಿಂದ ಲೆಕ್ಕ ನೆಚ್ಚಬಹುದು. ಎರಡು ಮಷೀನಿನ ನಡುವೆ ಒಂದೇ ದಿಕ್ಕಿನ ವಿಳಂಬ ಅಳೆಯಲು ಗಡಿಯಾರ ಹೊಂದಿಸುವ ಎನ್‌ಟಿಪಿ ಸಾಲದು, ಇನ್ನೂ ನಿಖರವಾದ ಪಿಟಿಪಿ ಬೇಕು.

ಇನ್ನು ಮಾಡೆಲ್. ಒಂದು ಪ್ಯಾಕೆಟ್ಟಿಗೆ 10 ಮೈಕ್ರೋಸೆಕೆಂಡ್ ಕೆಲಸ ಎಂದಿಟ್ಟುಕೊಂಡರೆ ಸೆಕೆಂಡಿಗೆ 1,00,000 ದಾಟಬಲ್ಲವು. 80,000 ಬರುತ್ತಿದ್ದರೆ ಎಂ/ಎಂ/1 (ಒಂದೇ ಕೌಂಟರಿನ ಮುಂದಿನ ಸಾಲಿನ ಸರಳ ಮಾಡೆಲ್) ಪ್ರಕಾರ ಸರಾಸರಿ ವಿಳಂಬ 50 ಮೈಕ್ರೋಸೆಕೆಂಡ್, 95,000 ಬಂದರೆ 200. ಕಾಗದದ ಮೇಲೆ ಚೆಂದ. ಆದರೆ ವರ್ಚುವಲ್ ಮಷೀನುಗಳನ್ನು ನಡೆಸುವ ಹೈಪರ್‌ವೈಸರ್ ವಿಸಿಪಿಯುವನ್ನು (ಮಷೀನಿಗೆ ಕೊಟ್ಟ ಸಿಪಿಯು ಪಾಲು) 4 ಮಿಲಿಸೆಕೆಂಡ್ ಕಿತ್ತುಕೊಂಡರೆ? 80,000ದ ದರದಲ್ಲಿ 320 ಪ್ಯಾಕೆಟ್ ರಾಶಿ ಬೀಳುತ್ತವೆ. ಅದನ್ನು ಕರಗಿಸಲು ಉಳಿದ ಶಕ್ತಿ ಸೆಕೆಂಡಿಗೆ 20,000 ಮಾತ್ರ, ಅಂದರೆ ಇನ್ನೂ 16 ಮಿಲಿಸೆಕೆಂಡ್. 95,000ದ ದರದಲ್ಲಾದರೆ 76. ಅರಬೈಲ್ ಘಟ್ಟದಲ್ಲಿ ಕೆಟ್ಟು ನಿಂತ ಲಾರಿ ಸರಿದ ಮೇಲೂ ಸಾಲು ಬೇಗ ಕರಗದ ಹಾಗೆ. ಆದ್ದರಿಂದ ಸರ್ವರ್ ನಡುನಡುವೆ ಎದ್ದುಹೋಗುವ ಕ್ಯೂ ಮಾಡೆಲ್ ಹಿಡಿಯಿರಿ, ಸರಾಸರಿಯ ಜೊತೆಗೆ 99ನೇ ಪರ್ಸೆಂಟೈಲ್ (ನೂರರಲ್ಲಿ 99 ಪ್ಯಾಕೆಟ್ ದಾಟಿ ಮುಗಿಸುವ ಹೊತ್ತು) ತಪ್ಪದೆ ನೋಡಿ. ಟಾಪ್ ಕಮಾಂಡಿನಲ್ಲಿ ‘ಎಸ್‌ಟಿ’ (ಹೀಗೆ ಕಿತ್ತುಕೊಂಡ ಸಮಯದ) ಅಂಕಿ ಏರುತ್ತಿದ್ದರೆ ಕಳ್ಳ ಸಿಕ್ಕಿದಂತೆಯೇ. ವಿಸಿಪಿಯುವನ್ನು ಒಂದು ಕೋರಿಗೆ ಪಿನ್ ಮಾಡಿ ಮತ್ತೆ ಅಳೆಯಿರಿ.

ವೇಗವೇ ಮುಖ್ಯ ಎನ್ನುವವರಿಗೆ ಇದನ್ನು ಹೇಳಲಾರೆ. ಪ್ರತಿ ಪ್ಯಾಕೆಟ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಿಂದ ಯೂಸರ್ ಸ್ಪೇಸಿಗೆ (ಸಾಮಾನ್ಯ ಪ್ರೋಗ್ರಾಮು ಓಡುವ ಜಾಗ) ಹತ್ತಿ, ಓಜಿಎಸ್‌ಟನ್ ಮೂಲಕ ಮತ್ತೆ ಕೆಳಗಿಳಿಯುತ್ತದೆ. ಇನ್ನೊಂದು 5ಜಿ ಕೋರ್ ಆದ ಫ್ರೀ5ಜಿಸಿ ಅದನ್ನು ಕರ್ನಲ್ ಮಾಡ್ಯೂಲಿನಲ್ಲೇ ಮುಗಿಸುತ್ತದೆ. ಕಲಿಯುವವರಿಗೆ ಮಾತ್ರ ಓಪನ್5ಜಿಎಸ್ ನನ್ನ ಮೊದಲ ಆಯ್ಕೆ: ಪ್ರತಿ ಮೆಟ್ಟಿಲೂ ಕಣ್ಣಿಗೆ ಕಾಣುತ್ತದೆ.

ಕೋರ್ ಬೆಂಗಳೂರಿನಲ್ಲಿದ್ದರೆ? ಕಾರವಾರದಿಂದ ಸುಮಾರು 520 ಕಿ.ಮೀ.; ಫೈಬರ್‌ನಲ್ಲಿ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡಿನಂತೆ ಹೋಗುವಾಗ 2.6 ಮಿಲಿಸೆಕೆಂಡ್, ಬರುವಾಗ ಅಷ್ಟೇ. ಬೇಕೆಂದೇ ವಿಳಂಬ ಸೇರಿಸುವ ಲಿನಕ್ಸ್ ಸಾಧನವಾದ ನೆಟೆಮ್‌ನಲ್ಲಿ ಇದನ್ನು ಸೇರಿಸುವಾಗ ಎರಡೂ ತುದಿಯಲ್ಲಿ ಹಾಕಿ, ಅದು ಹೊರಹೋಗುವ ಪ್ಯಾಕೆಟ್ಟನ್ನಷ್ಟೇ ತಡೆಯುತ್ತದೆ.

ಮಳೆಗಾಲದಲ್ಲಿ ಲ್ಯಾಪ್‌ಟಾಪಿನಲ್ಲಿ ಅಳೆಯುವವರು ಕರೆಂಟ್ ಹೋದ ಹೊತ್ತನ್ನು ಬರೆದಿಡಿ. ಬ್ಯಾಟರಿಗೆ ಬಂದೊಡನೆ ಸಿಪಿಯು ವೇಗ ಇಳಿದರೆ ಆ 10 ಮೈಕ್ರೋಸೆಕೆಂಡೇ ಬದಲಾಗುತ್ತದೆ. ಅಲ್ಲಿಂದ ಮುಂದಿನ ಅಂಕಿಗಳನ್ನು ಬೇರೆ ಫೈಲಿಗೆ ಹಾಕಿ.